ಕೆಡುವ ಮೊದಲೇ ಕಳಚುವ ಕುಶಾಲಪ್ಪ

ಬೆಳಗ್ಗೆ ಐದೂ ಮುಕ್ಕಾಲು. ಪಾಣೆಮಂಗಳೂರಿನ ಹಳೆ ಸೇತುವೆಯಿಂದ ಸ್ವಲ್ಪ ಈಚೆ, ತಗಡಿನ ಮಾಡಿನ ಒಂದು ವರ್ಕ್‌ಶಾಪ್. ಕುಶಾಲಪ್ಪ ಒಂದು ಕೆಂಪು ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟು ನಿಂತಿದ್ದಾರೆ. ಬಾನೆಟ್ ತಣ್ಣಗಿದೆ. ಅದು ಖಚಿತವಾದ ಮೇಲೆ ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸುತ್ತಾರೆ. ಎಂಜಿನ್ ಸ್ಟಾರ್ಟ್ ಆಗುತ್ತದೆ. ಮೊದಲ ನಾಲ್ಕು ಸೆಕೆಂಡು ಒಂದು ಟಿಕ್ ಟಿಕ್, ಅದರ ಹಿಂದೆ ಸಣ್ಣದೊಂದು ಕಿರುಗುಟ್ಟುವಿಕೆ, ಆಮೇಲೆ ಏನಿಲ್ಲ. ಕುಶಾಲಪ್ಪ ಆಫ್ ಮಾಡುತ್ತಾರೆ. ಅವರಿಗೆ ಬೇಕಾದದ್ದು ಆ ನಾಲ್ಕು ಸೆಕೆಂಡು ಮಾತ್ರ.

"ಬಿಸಿಯಾದ ಎಂಜಿನ್ ಇದನ್ನೆಲ್ಲ ಮುಚ್ಚಿಡ್ತದೆ. ಕಾರು ಮಾರುವವರು ನಾವು ಹೋಗುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿರ್ತಾರೆ. ಹಾಗಾಗಿ ರಾತ್ರಿ ಇಲ್ಲೇ ಬಿಟ್ಟು ಹೋಗಿ ಅಂತ ಹೇಳ್ತೇನೆ" ಎನ್ನುತ್ತಾರೆ.

ಕುಶಾಲಪ್ಪನವರಿಗೆ ಐವತ್ತನಾಲ್ಕು ವರ್ಷ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಲ್ಲಿ ಅನೇಕರು ಮೊದಲು ಇಲ್ಲಿಗೆ ಬರುತ್ತಾರೆ. ಕೆಟ್ಟ ಕಾರು ರಿಪೇರಿ ಮಾಡುವವರು ಹೆದ್ದಾರಿಯ ಉದ್ದಕ್ಕೂ ಇದ್ದಾರೆ. ಇವರು ಕೆಡದ ಕಾರನ್ನು ಬಿಚ್ಚುವವರು. ಯಾವ ಭಾಗ ಎಷ್ಟು ವರ್ಷಕ್ಕೆ ಹೋಗುತ್ತದೆ ಎಂದು ಲೆಕ್ಕ ಹಾಕಿ, ಅದಕ್ಕೆ ಮೊದಲೇ ತೆಗೆದು ಬೇರೆಯದು ಹಾಕುತ್ತಾರೆ. ಈ ಕೆಲಸಕ್ಕೆ ಒಂದು ತೊಂದರೆ ಇದೆ. ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಅವರ ಪತ್ನಿ ಸೇಸಮ್ಮ ಇದನ್ನೇ ಬೇರೆ ರೀತಿ ಹೇಳುತ್ತಾರೆ. "ಕೆಟ್ಟ ಕಾರು ಸರಿ ಮಾಡಿಸಿದವರು ಹಬ್ಬಕ್ಕೆ ಸಿಹಿ ತಂದು ಕೊಡ್ತಾರೆ. ಕೆಡದ ಕಾರಿನವರು ರಸ್ತೆಯಲ್ಲಿ ಸಿಕ್ಕಿದರೆ ಆಚೆ ನೋಡ್ತಾರೆ, ಎಲ್ಲಿಯಾದರೂ ಬ್ರೇಕ್ ಆಯಿಲ್ ನೆನಪು ಮಾಡಿಯೇನು ಅಂತ."

ನೆನಪು ಮಾಡುವುದು ಸೇಸಮ್ಮನದೇ ಕೆಲಸ. ಗಂಡನ ಕೈ ಸದಾ ಗ್ರೀಸ್, ಆದ್ದರಿಂದ ಯಾವ ಕಾರಿಗೆ ಯಾವಾಗ ಏನು ಎಂದು ಬರೆದಿಡುವ ಪುಸ್ತಕ ಇವರ ಬಳಿ. ಈಗ ಅದರಲ್ಲಿ ಅರವತ್ತನಾಲ್ಕು ಕಾರುಗಳಿವೆ. ಬೀಡಿ ಕಟ್ಟುತ್ತಾ ಮಧ್ಯೆ ಮಧ್ಯೆ ಫೋನ್ ಎತ್ತಿ, "ನಿಮ್ಮ ಬ್ರೇಕ್ ಆಯಿಲ್‌ಗೆ ಎರಡು ವರ್ಷ ಆಯ್ತು, ಬನ್ನಿ" ಎನ್ನುತ್ತಾರೆ. ಕಳೆದ ವರ್ಷ ಈ ಅರವತ್ತನಾಲ್ಕರಲ್ಲಿ ದಾರಿಯಲ್ಲಿ ನಿಂತದ್ದು ಮೂರು. ಒಂದಕ್ಕೆ ಪೆಟ್ರೋಲ್ ಇರಲಿಲ್ಲ.

ಕುಶಾಲಪ್ಪ ಹುಟ್ಟಿದ್ದು ಬೆಳ್ತಂಗಡಿ ತಾಲೂಕಿನ ಮಡಂತ್ಯಾರಿನಲ್ಲಿ. ಎಂಟನೇ ತರಗತಿಗೆ ಶಾಲೆ ಬಿಟ್ಟು ಸರ್ವಿಸ್ ಬಸ್ಸಿನ ಕ್ಲೀನರ್ ಆದರು, ಆಮೇಲೆ ಅದೇ ಮಾಲೀಕರ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಕೆಡುವ ಮೊದಲೇ ಬದಲಾಯಿಸುವ ಪದ್ಧತಿ ಅಲ್ಲಿಂದ ಬಂದದ್ದು. "ಮೊದಲ ಟ್ರಿಪ್ ಐದೂ ನಲವತ್ತಕ್ಕೆ. ಬಸ್ಸು ನಿಂತರೆ ಹಿಂದಿನ ಬಸ್ಸಿನವ ನಮ್ಮ ಜನ ಹತ್ತಿಸಿಕೊಂಡು ಹೋಗ್ತಾನೆ. ಹಾಗಾಗಿ ಹಾಳಾಗುವ ತನಕ ಕಾಯುವ ಮಾತೇ ಇಲ್ಲ." 1994ರಲ್ಲಿ ಈ ಸ್ವಂತ ವರ್ಕ್‌ಶಾಪ್ ಮಾಡಿದರು. ಜಾಗ ತಗ್ಗಿನಲ್ಲಿದೆ. ನೇತ್ರಾವತಿ ಏರಿದರೆ ಸಾಮಾನು ಎತ್ತಿ ಅಟ್ಟಕ್ಕೆ ಹಾಕಬೇಕು. ಎರಡು ಸಲ ಅಟ್ಟಕ್ಕೂ ನೀರು ಬಂದಿದೆ. ಮೊಣಕಾಲು ಹೋಗಿ ನಾಲ್ಕು ವರ್ಷ. ಕಾರಿನ ಅಡಿಗೆ ಹೋಗುವುದು ಸುಲಭ, ಹೊರಗೆ ಬರುವಾಗ ಬಂಪರ್ ಹಿಡಿಯಬೇಕು. ದಿನಕ್ಕೆ ಎರಡು ಕಾರು, ಮೂರನೆಯದನ್ನು ಮುಟ್ಟುವುದಿಲ್ಲ.

ಇಂದಿನ ಕೆಂಪು ಕಾರಿನ ವಿಷಯಕ್ಕೆ ಬರೋಣ. 2001ರ ಮಾದರಿ, ಈಗ 2008. ನೋಡಲು ಸಣ್ಣ ಕಾರು, ಒಳಗೆ ದೊಡ್ಡ ಕಾರಿನ ಎಂಜಿನ್, ನೂರು ಕುದುರೆ ಶಕ್ತಿ. ಈಗ ಕಂಪೆನಿ ಆ ಎಂಜಿನ್ ಹಾಕುವುದನ್ನು ನಿಲ್ಲಿಸಿದೆ. ಹಾಗಾಗಿ ಹುಚ್ಚು ಹಿಡಿದವರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಇದನ್ನು ಕೊಂಡದ್ದು ಸೌದಿಯ ಜುಬೈಲ್‌ನಲ್ಲಿ ಕೆಲಸ ಮಾಡುವ, ನಲವತ್ತು ದಿನದ ರಜೆಯಲ್ಲಿ ಊರಿಗೆ ಬಂದಿರುವ ಪಾಣೆಮಂಗಳೂರಿನ ಝುಬೈರ್. ಮಾರಿದ್ದು ಮೂಡುಬಿದಿರೆಯ ವ್ಯಾಪಾರಿ ಅನಂತರಾಜ. ಏಳು ವರ್ಷದಲ್ಲಿ ಓಡಿದ್ದು ಇಪ್ಪತ್ತೊಂಬತ್ತು ಸಾವಿರ ಕಿಲೋಮೀಟರ್. "ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ. ಸೀಟು ಎಷ್ಟು ತಗ್ಗು ಅಂದರೆ ನನ್ನನ್ನು ಇಳಿಸಲು ಇಬ್ಬರು ಬೇಕು" ಎಂದು ಅನಂತರಾಜ ಕಾರು ಕೊಡುವಾಗ ಹೇಳಿದ್ದರಂತೆ.

ಎಂಟು ಗಂಟೆಗೆ ಝುಬೈರ್ ಬರುತ್ತಾರೆ. ರಜೆ ಇನ್ನು ಎಂಟು ದಿನ. ಭಾನುವಾರ ಹೆಂಡತಿ ಸಮೀನಾ, ಮೂರು ವರ್ಷದ ಮಗಳು ಹನಾ, ತಾಯಿ ಬೀಯಮ್ಮ ಎಲ್ಲರನ್ನೂ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಬೇಕು. ಕಾರು ಕೊಂಡದ್ದೇ ಅದಕ್ಕೆ. ತೊಡಕು ಇರುವುದು ಬೀಯಮ್ಮನಲ್ಲಿ. ಅವರು ಐದು ವರ್ಷದಿಂದ ಘಾಟಿ ಹತ್ತಿಲ್ಲ. ಕುಶಾಲಪ್ಪ ಆಗಬಹುದು ಎಂದರೆ ಮಾತ್ರ ಬರುತ್ತೇನೆ ಎಂದಿದ್ದಾರೆ.

"ಎಂತ ಕುಶಾಲಣ್ಣ, ಇವತ್ತು ಕೊಡ್ತೀರಲ್ಲ?"

"ಶನಿವಾರ."

"ಇವತ್ತು ಬುಧವಾರ ಮಾರಾಯ್ರೆ."

"ಗೊತ್ತುಂಟು."

ಕುಶಾಲಪ್ಪ ಟಯರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದು ಅಂಕಿಯ ಮೇಲೆ ಬೆರಳಿಡುತ್ತಾರೆ: 3201. 2001ನೇ ಇಸವಿಯ ಮೂವತ್ತೆರಡನೇ ವಾರ ತಯಾರಾದದ್ದು. ಗೆರೆಗಳು ಹೊಸದರಂತಿವೆ, ರಬ್ಬರ್‌ಗೆ ಏಳು ವರ್ಷ. ರೇಡಿಯೇಟರ್ ಮುಚ್ಚಳ ತೆಗೆದರೆ ಕೂಲೆಂಟ್ ಇಲ್ಲ, ಬಾವಿ ನೀರು, ತುಕ್ಕಿನ ಬಣ್ಣ. ಎಂಜಿನ್ ಆಯಿಲ್‌ನ ಮುಚ್ಚಳದ ಒಳಗೆ ಬಿಳಿ ನೊರೆ. ಎಂಜಿನ್ ಬಿಸಿಯಾಗುವಷ್ಟು ದೂರ ಓಡದ ಕಾರಿನಲ್ಲಿ ಒಳಗಿನ ಪಸೆ ಆರುವುದಿಲ್ಲ, ಎಣ್ಣೆಗೆ ಸೇರುತ್ತದೆ. ಕಣ್ಣಿಗೆ ಕಾಣುವ ಈ ಮೂರಕ್ಕೂ ಝುಬೈರ್ ತಲೆಯಾಡಿಸುತ್ತಾರೆ. ಜಗಳ ಹುಟ್ಟುವುದು ಕಾಣದ ಒಂದರ ಬಗ್ಗೆ.

ಅದು ಟೈಮಿಂಗ್ ಬೆಲ್ಟ್. ಎಂಜಿನ್ನಿನ ಮೇಲಿನ ಭಾಗ ಮತ್ತು ಕೆಳಗಿನ ಭಾಗ ಒಟ್ಟಿಗೆ ತಿರುಗುವಂತೆ ಹಿಡಿದಿಡುವ ರಬ್ಬರ್ ಪಟ್ಟಿ. ಅದು ತುಂಡಾದರೆ ಕಾರು ಇದ್ದಲ್ಲೇ ನಿಲ್ಲುತ್ತದೆ, ಒಳಗೆ ವಾಲ್ವ್‌ಗಳು ಬಾಗುತ್ತವೆ. ಹೊಸ ಬೆಲ್ಟ್ ಬೆಂಗಳೂರಿನಿಂದ ಬಸ್ಸಿನಲ್ಲಿ ಬರಬೇಕು.

"ಕಂಪೆನಿಯ ಪುಸ್ತಕದಲ್ಲಿ ಅರವತ್ತು ಸಾವಿರಕ್ಕೆ ಅಂತ ಉಂಟು. ಇದು ಅರ್ಧವೂ ಓಡಲಿಲ್ಲ" ಎನ್ನುತ್ತಾರೆ ಝುಬೈರ್.

"ಓಡದಿದ್ದರೂ ವರ್ಷ ಹೋಗ್ತದಲ್ಲ. ರಬ್ಬರ್‌ಗೆ ಕಿಲೋಮೀಟರ್ ಗೊತ್ತಿಲ್ಲ."

"ನಿಮಗೆ ಬಿಚ್ಚುವ ಚಟ ಕುಶಾಲಣ್ಣ. ಮದುಮಗನನ್ನು ತಂದು ಬಿಟ್ಟರೂ ಹಲ್ಲು ಕಿತ್ತು ನೋಡುವವರು."

"ನೋಡಿದ್ದರೆ ಕೆಲವರಿಗೆ ಒಳ್ಳೆಯದಾಗ್ತಿತ್ತು" ಎಂದು ಒಳಗಿನಿಂದ ಸೇಸಮ್ಮ.

ಝುಬೈರ್ ನಗುತ್ತಾರೆ, ಆದರೆ ಕೀ ಕೇಳುತ್ತಾರೆ. ಕುಶಾಲಪ್ಪ ಕೀ ತೆಗೆದು ಕೊಡುತ್ತಾರೆ. "ಕಾರು ನಿಮ್ಮದು, ಕೊಂಡು ಹೋಗಿ. ತಾಯಿ ಕೇಳಿದರೆ ನಾನು ಆಗಬಹುದು ಅಂತ ಹೇಳುವುದಿಲ್ಲ. ಅಷ್ಟೆ." ಝುಬೈರ್ ಕೀಯನ್ನು ಎರಡು ಸಲ ಬೆರಳಲ್ಲಿ ತಿರುಗಿಸಿ, ಬೆಂಚಿನ ಮೇಲಿಟ್ಟು, ಬಸ್ಸಿಗೆ ಹೋಗುತ್ತಾರೆ.

ಈ ಹಟಕ್ಕೆ ಕಾರಣ 2003ರಲ್ಲಿದೆ. ಗಲ್ಫಿನವರ ಕಾರುಗಳದ್ದು ಈ ಊರಿನಲ್ಲಿ ಒಂದು ಪದ್ಧತಿ. ಯಜಮಾನ ವರ್ಷಕ್ಕೊಮ್ಮೆ ಬರುತ್ತಾನೆ. ಉಳಿದ ಹನ್ನೊಂದು ತಿಂಗಳು ಕಾರು ಶೆಡ್ಡಿನಲ್ಲಿ. ಕೆಡಬಾರದೆಂದು ಮನೆಯವರು ಯಾರಾದರೂ ಶುಕ್ರವಾರ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಬಿಟ್ಟು, ಆಫ್ ಮಾಡುತ್ತಾರೆ. ಬೀಯಮ್ಮನ ಅಣ್ಣನ ಮಗ ಅಸ್ಕರ್‌ನ ಕಾರು ಹೀಗೆ ಆರು ವರ್ಷ ಇತ್ತು. ಓಡಿದ್ದು ಇಪ್ಪತ್ತೆರಡು ಸಾವಿರ. ಅಸ್ಕರ್ ದುಬೈಯಿಂದ ಬಂದು ಘಾಟಿಗೆ ಹೋಗಬೇಕೆಂದಾಗ ಕುಶಾಲಪ್ಪ ಮೀಟರ್ ನೋಡಿದರು, ಎಣ್ಣೆ ಬದಲಾಯಿಸಿದರು, ಆಗಬಹುದು ಎಂದರು. ಚಾರ್ಮಾಡಿಯ ತಿರುವಿನಲ್ಲಿ ಬೆಲ್ಟ್ ತುಂಡಾಯಿತು. ಕಾರು ಹಿಂದಕ್ಕೆ ಜಾರಿ ತಡೆಗೋಡೆಗೆ ಒರಗಿ ನಿಂತಿತು. ಹಿಂದಿನ ಸೀಟಿನಲ್ಲಿ ಬೀಯಮ್ಮ ಇದ್ದರು. ಯಾರಿಗೂ ಏನೂ ಆಗಲಿಲ್ಲ.

ಊರಿನವರು ಕಾರಿಗೆ ಕಣ್ಣು ತಾಗಿದೆ ಎಂದರು. ಮನೆಯವರೂ ಹಾಗೇ ನಂಬಿದರು. ಕುಶಾಲಪ್ಪ ಸುಮ್ಮನಿದ್ದರೆ ಸಾಕಿತ್ತು. ಮರುದಿನ ಬೆಳಗ್ಗೆ ತುಂಡಾದ ಬೆಲ್ಟ್ ಹಿಡಿದುಕೊಂಡು ಮನೆಗೆ ಹೋದರು. "ಕಣ್ಣು ಅಲ್ಲ, ನಾನು. ವರ್ಷ ನೋಡಬೇಕಿತ್ತು, ಕಿಲೋಮೀಟರ್ ನೋಡಿದೆ ಅಂತ ಹೇಳಿದೆ" ಎನ್ನುತ್ತಾರೆ. ಅಸ್ಕರ್ ಬೈದರು, ಮತ್ತೆ ಬರಲಿಲ್ಲ. ಬೀಯಮ್ಮ ಬೈಯಲಿಲ್ಲ. ಅಂದಿನಿಂದ ಮನೆಯಲ್ಲಿ ಯಾರು ಕಾರು ಹತ್ತಿ ಎಂದರೂ ಅವರದು ಒಂದೇ ಪ್ರಶ್ನೆ: ಕುಶಾಲಪ್ಪ ಎಂತ ಹೇಳಿದ್ದಾನೆ?

ಶುಕ್ರವಾರ ಬೆಲ್ಟ್ ಬರುತ್ತದೆ. ಝುಬೈರ್ ಕೂಡ ಬರುತ್ತಾರೆ, ಪಕ್ಕದಲ್ಲೇ ನಿಲ್ಲುತ್ತಾರೆ. ಕುಶಾಲಪ್ಪ ಕವರ್ ಬಿಚ್ಚಿ, ಗುರುತು ಹಾಕಿ, ಹಳೆ ಬೆಲ್ಟನ್ನು ಜಾರಿಸಿ ಹೊರಗೆ ತೆಗೆಯುತ್ತಾರೆ. ಬಿಸಿಲಿಗೆ ಹಿಡಿದು, ಒಳಗಿನದು ಹೊರಗಾಗುವಂತೆ ಹೆಬ್ಬೆರಳ ಮೇಲೆ ಮಡಚಿ, ಹಲ್ಲು ಹಲ್ಲಾಗಿ ನೋಡುತ್ತಾ ಒಂದು ಸುತ್ತು ಬರುತ್ತಾರೆ. ಮತ್ತೊಂದು ಸುತ್ತು. ಬಿರುಕಿಲ್ಲ.

ಅದನ್ನು ಝುಬೈರ್ ಕೈಗೆ ಕೊಡುತ್ತಾರೆ. "ಒಳ್ಳೆಯದು ಉಂಟು. ನೋಡಿ."

"ಹಾಗಾದರೆ ಮೂರು ದಿನ ನಾನು ಬಸ್ಸಿನಲ್ಲಿ ತಿರುಗಿದ್ದು?"

"ಇದಕ್ಕೇ."

"ಹಾಳಾಗಿತ್ತು ಅಂತ ಹೇಳಬಹುದಿತ್ತಲ್ಲ. ನನಗೆ ಎಂತ ಗೊತ್ತಾಗ್ತದೆ ಇದರಲ್ಲಿ?"

"ಹೇಳಬಹುದಿತ್ತು" ಎಂದು ಕುಶಾಲಪ್ಪ ಹೊಸ ಬೆಲ್ಟಿನ ಪೊಟ್ಟಣ ಬಿಡಿಸುತ್ತಾರೆ. "ಇನ್ನೊಂದು ವರ್ಷ ಬರ್ತಿತ್ತೋ, ಭಾನುವಾರ ತುಂಡಾಗ್ತಿತ್ತೋ, ಮೇಲಿಂದ ನೋಡಿ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ. ಆಗದ್ದನ್ನು ಆಗ್ತದೆ ಅಂತ ಒಮ್ಮೆ ಹೇಳಿ ಆಯ್ತಲ್ಲ."

ಶನಿವಾರ ಸಂಜೆ ಕುಶಾಲಪ್ಪ ತಾವೇ ಕಾರನ್ನು ಅವರ ಮನೆಗೆ ಒಯ್ಯುತ್ತಾರೆ. ಬೀಯಮ್ಮ ಜಗಲಿಯಲ್ಲೇ ಕಾಯುತ್ತಿದ್ದಾರೆ.

"ಎಂತ ಹೇಳ್ತೀ?"

"ಆಗಬಹುದು ಅಕ್ಕ. ಹತ್ತಿ."

"ಹಳೆಯ ಬೆಲ್ಟ್?"

"ಒಳ್ಳೆಯದೇ ಇತ್ತು. ಆದರೂ ತೆಗೆದೆ."

ಅರವತ್ತೆಂಟು ವರ್ಷದ ಬೀಯಮ್ಮ ತಲೆ ಮೇಲಿನ ಬಟ್ಟೆ ಸರಿಪಡಿಸಿಕೊಂಡು, ಸರಿ, ಝುಬೈರ್ ಹೋದ ಮೇಲೆ ಶುಕ್ರವಾರ ಶುಕ್ರವಾರ ನಾನೇ ಸ್ಟಾರ್ಟ್ ಮಾಡ್ತೇನೆ ಎನ್ನುತ್ತಾರೆ. ಕುಶಾಲಪ್ಪ ಕೈಮುಗಿಯುತ್ತಾರೆ. ಬಿಳಿ ನೊರೆ ಅಂಟಿದ್ದ ಬಟ್ಟೆ ತೋರಿಸಿ, ಹತ್ತು ನಿಮಿಷದ ಸ್ಟಾರ್ಟಿನಿಂದ ಆಗುವುದು ಇದೇ, ಬ್ಯಾಟರಿಯೂ ತುಂಬುವುದಿಲ್ಲ, ಎಂಜಿನ್ನೂ ಬಿಸಿಯಾಗುವುದಿಲ್ಲ ಎಂದು ವಿವರಿಸುತ್ತಾರೆ. ಈ ಕಾರು ಉಳಿಯಬೇಕಾದರೆ ವಾರಕ್ಕೊಮ್ಮೆ ಇಪ್ಪತ್ತು ಕಿಲೋಮೀಟರ್ ರಸ್ತೆಯಲ್ಲಿ ಓಡಬೇಕು. ಎಂಜಿನ್ ಒಂದೊಂದು ಸಲ ನಿಮಿಷಕ್ಕೆ ಮೂರು ಸಾವಿರ ಸುತ್ತು ದಾಟಬೇಕು. ಇಲ್ಲದಿದ್ದರೆ ಮುಂದಿನ ರಜೆಗೆ ಝುಬೈರ್ ಬರುವಾಗ ಇದು ಇನ್ನೊಂದು ಅಸ್ಕರ್‌ನ ಕಾರು.

"ಓಡಿಸುವವರು ಯಾರು ಇಲ್ಲಿ?" ಎಂದು ಝುಬೈರ್.

"ನನ್ನ ಹತ್ತಿರ ಲೈಸೆನ್ಸ್ ಉಂಟು" ಎನ್ನುತ್ತಾರೆ ಬಾಗಿಲಲ್ಲಿ ನಿಂತ ಸಮೀನಾ. ಅವರ ತವರು ಮೂಡುಬಿದಿರೆ. ಮದುವೆಗೆ ಮೊದಲು ತಂದೆಯ ಕಾರು ಓಡಿಸುತ್ತಿದ್ದರು. ನಾಲ್ಕು ವರ್ಷದಿಂದ ಸ್ಟಿಯರಿಂಗ್ ಮುಟ್ಟಿಲ್ಲ, ಯಾರೂ ಕೇಳಿಯೂ ಇಲ್ಲ.

ಝುಬೈರ್ ತಾಯಿಯ ಮುಖ ನೋಡುತ್ತಾರೆ. ತಾಯಿ ಕುಶಾಲಪ್ಪನ ಮುಖ ನೋಡುತ್ತಾರೆ.

"ನನ್ನನ್ನು ಯಾಕೆ ನೋಡ್ತೀರಿ ಅಕ್ಕ? ಕಾರಿಗೆ ಓಡಿದರೆ ಸಾಕು."

"ಓಡಿಸಲಿ" ಎನ್ನುತ್ತಾರೆ ಬೀಯಮ್ಮ. "ನಾನು ಜೊತೆಗೆ ಕೂರ್ತೇನೆ. ಸ್ಪೀಡ್ ಹೋದರೆ ಇಳೀತೇನೆ."

ಭಾನುವಾರ ಅವರು ಚಾರ್ಮಾಡಿ ಹತ್ತಿ ಇಳಿದು ಬಂದಿದ್ದಾರೆ. ಹೋಗುವಾಗಲೂ ಬರುವಾಗಲೂ ಬೀಯಮ್ಮ ಬಾಗಿಲ ಮೇಲಿನ ಹಿಡಿ ಬಿಟ್ಟಿಲ್ಲವಂತೆ. ಅದಾದ ನಾಲ್ಕು ದಿನಕ್ಕೆ ಝುಬೈರ್ ಜುಬೈಲ್‌ಗೆ ಮರಳಿದ್ದಾರೆ.

ಎರಡನೇ ಶುಕ್ರವಾರ, ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಕೆಂಪು ಕಾರು ವರ್ಕ್‌ಶಾಪಿನ ಮುಂದೆ ನಿಲ್ಲುತ್ತದೆ. ಓಡಿಸುತ್ತಿರುವುದು ಸಮೀನಾ, ಪಕ್ಕದಲ್ಲಿ ಬೀಯಮ್ಮ, ಹಿಂದೆ ಹನಾ. ಕುಶಾಲಪ್ಪ ಆಯಿಲ್ ಮುಚ್ಚಳ ತೆಗೆದು ಒಳಗೆ ಬೆರಳಾಡಿಸುತ್ತಾರೆ. ನೊರೆ ಇಲ್ಲ.

"ಎಲ್ಲಿಯ ತನಕ ಹೋದದ್ದು?"

"ಮೂಡುಬಿದಿರೆ. ಬರುವಾಗ ಸಿದ್ದಕಟ್ಟೆ ದಾಟಿದ್ದು ಮಾಮಿಗೆ ಗೊತ್ತೇ ಇಲ್ಲ. ನಿದ್ದೆ."

"ನಿದ್ದೆ ಎಲ್ಲಿ, ಕಣ್ಣು ಮುಚ್ಚಿದ್ದು" ಎನ್ನುತ್ತಾರೆ ಬೀಯಮ್ಮ.

"ಗೊರಕೆ ಬರ್ತಿತ್ತು ಮಾಮಿ."

ಕಾರು ಹೋದ ಮೇಲೆ ಕುಶಾಲಪ್ಪ ಕೈ ತೊಳೆಯುತ್ತಾರೆ. ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ. ದೊಡ್ಡ ವರ್ಕ್‌ಶಾಪ್ ಬೇಡವಂತೆ, ಲಿಫ್ಟ್ ಕೂಡ ಬೇಡವಂತೆ.

"ಅವರ ಹಾಗೆ ನನಗೂ ಒಂದು ದಿನ ಕಾರಿನಲ್ಲಿ ನಿದ್ದೆ ಬರಬೇಕು. ಇಷ್ಟು ವರ್ಷ ಆಯ್ತು, ಯಾರ ಕಾರಿನಲ್ಲಿ ಕೂತರೂ ಶಬ್ದ ಕೇಳ್ತಾ ಕೂತಿರ್ತೇನೆ." ಟವೆಲ್ ಹೆಗಲಿಗೆ ಹಾಕಿಕೊಳ್ಳುತ್ತಾರೆ. "ಆದರೆ ಬೀಯಮ್ಮಕ್ಕ ಮಲಗಿದ್ರಲ್ಲ. ಅದು ನನ್ನ ಕೆಲಸ."