ಮೊಣಕಾಲು ಕೊಟ್ಟರೆ ಬರುವ ಡ್ರಾಯರ್

ನನ್ನ ಭಾವ ಬಡಗಿ. ಟಿ.ವಿ. ಸ್ಟುಡಿಯೋದಲ್ಲಿ ಸೆಟ್ ಕಟ್ಟುವವರು. ಕೋರ್ಟು ಕಟ್ಟಿದ್ದಾರೆ, ಆಸ್ಪತ್ರೆ ಕಟ್ಟಿದ್ದಾರೆ, ಅರಮನೆಯನ್ನೂ ಕಟ್ಟಿದ್ದಾರೆ. ಆದರೆ ಅವರ ಸ್ವಂತ ಅಡುಗೆಮನೆಯ ಒಂದು ಡ್ರಾಯರ್ ಮದುವೆಯಾದ ವರ್ಷವೇ ಕಚ್ಚಿಕೊಂಡದ್ದು ಕೊನೆಯವರೆಗೂ ಹಾಗೇ ಇತ್ತು. ದೀಪದ ಬುಡದಲ್ಲೇ ಕತ್ತಲು! ಸ್ವಲ್ಪ ಮೇಲೆತ್ತಿ, ಎಡ ಮೊಣಕಾಲಿನಿಂದ ಕೆಳಗಿನ ಹಲಗೆಗೆ ಒಂದು ಗುದ್ದು ಕೊಟ್ಟು ಎಳೆದರೆ ಮಾತ್ರ ಬರುತ್ತಿತ್ತು. "ನಾಳೆ ಮಾಡ್ತೀನಿ ಕಣೇ" ಅಂತ ಭಾವ, "ನಿಮ್ಮ ನಾಳೆಗಿಷ್ಟು ಬೆಂಕಿ ಹಾಕ" ಅಂತ ನನ್ನಕ್ಕ. ದಿನಾ ಇದೇ ಜಗಳ, ದಿನಾ ಇದೇ ನಗು. ಮಕ್ಕಳಿಲ್ಲ ಅವರಿಗೆ. ಅವಳಿಗೆ ಅವರು, ಅವರಿಗೆ ಅವಳು.

ಆ ಬಾಡಿಗೆ ಮನೆಯನ್ನು ಹತ್ತು ವರ್ಷದ ಹಿಂದೆಯೇ ಕೆಡವಿದರು. ಭಾವ ಅಕ್ಕ ಮೂರನೇ ಮಹಡಿಯ ಫ್ಲ್ಯಾಟಿಗೆ ಹೋದರು.

ನಾನೂ ಅದೇ ಸ್ಟುಡಿಯೋದಲ್ಲಿ ನಟನಟಿಯರ ಬಟ್ಟೆಗೆ ಇಸ್ತ್ರಿ ಹಾಕುವವಳು. ಎರಡು ವರ್ಷದ ಹಿಂದೆ ಅಲ್ಲಿ ಒಂದು ಹಾಸ್ಯ ಧಾರಾವಾಹಿ ಶುರುವಾಯಿತು. ಒಬ್ಬಳು ಬಿದ್ದು ಎಲ್ಲ ಮರೆತುಬಿಡುತ್ತಾಳೆ. ಗಂಡನ ಗುರುತೇ ಇಲ್ಲ. ಅವನು ಪ್ರತಿ ವಾರ ಬಾಗಿಲಿನಿಂದ ಆಚೆ ಹೋಗಿ ಹೊಸ ವೇಷದಲ್ಲಿ ಒಳಗೆ ಬರುತ್ತಾನೆ. ಒಂದು ವಾರ ಅಂಚೆಯವನು, ಇನ್ನೊಂದು ವಾರ ಡಾಕ್ಟರು. ಹಾಗೆ ಹೆಂಡತಿಯನ್ನು ಮತ್ತೆ ಮತ್ತೆ ಒಲಿಸಿಕೊಂಡು ಸಂಸಾರವನ್ನು ಹೊಸದಾಗಿ ಶುರುಮಾಡುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

"ಸಾಧಾರಣ ಮನೆಯದೊಂದು ಅಡುಗೆಮನೆ ಬೇಕು" ಎಂದಿದ್ದರು ನಿರ್ದೇಶಕರು. ಭಾವ ತಮ್ಮ ಹಳೆಯ ಅಡುಗೆಮನೆಯನ್ನೇ ಗೇಣು ತಪ್ಪದಂತೆ ಕಟ್ಟಿದರು. ಅದೇ ಹಸಿರು ಬಾಗಿಲು, ಅದೇ ಗೂಡು, ಅದೇ ಕಚ್ಚಿಕೊಳ್ಳುವ ಡ್ರಾಯರ್! ಮೊದಲ ದಿನ ನಾಯಕಿ ಎಳೆದೂ ಎಳೆದೂ ಸುಸ್ತಾದಳು. ನಿರ್ದೇಶಕರು ಕೂಗಾಡಿದರು. "ಸಂಸಾರಸ್ಥರ ಮನೇಲಿ ಒಂದಾದ್ರೂ ಹಿಂಗಿರತ್ತೆ ಸಾರ್" ಎಂದರು ಭಾವ. ನಿರ್ದೇಶಕರಿಗೆ ನಗು ಬಂದು, ಡ್ರಾಯರ್ ಉಳಿಯಿತು.

ಅದು ನಡೆಯುತ್ತಿರುವಾಗಲೇ ಅಕ್ಕ ಫ್ಲ್ಯಾಟಿನ ಮೆಟ್ಟಿಲಿಂದ ಜಾರಿ ತಲೆಗೆ ಪೆಟ್ಟು ಮಾಡಿಕೊಂಡಳು. ಕಣ್ಣು ಬಿಟ್ಟಾಗ ಹಿಂದಿನ ಇಪ್ಪತ್ತು ವರ್ಷ ಅಳಿಸಿಹೋಗಿತ್ತು. ನನ್ನನ್ನು ನೋಡಿ, "ಏನೇ, ಇಷ್ಟೊಂದು ಊದಿಕೊಂಡಿದೀಯ?" ಎಂದಳು. ಆಮೇಲೆ, "ಅವರೆಲ್ಲಿ?" ಎಂದಳು. ಅವಳ ನೆನಪಿನ ಗಂಡನಿಗೆ ಕಪ್ಪು ಕೂದಲು, ದಪ್ಪ ಮೀಸೆ. ಮಂಚದ ಪಕ್ಕ ಕುಳಿತಿದ್ದವರಿಗೆ ನರೆತ ತಲೆ, ಬೋಳಿಸಿದ ಮುಖ. ಅವಳು ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿದಳು. ಭಾವನ ಮುಖ ನೋಡಲಾಗಲಿಲ್ಲ ನನಗೆ.

ಎಂಟು ತಿಂಗಳು ಹೀಗೇ ಹೋಯಿತು. ಮದುವೆಯ ಫೋಟೋ ತೋರಿಸಿದರೆ, "ಇವರೇ! ಯಾವಾಗ ಬರ್ತಾರೆ?" ಎನ್ನುವಳು. ಭಾವ ಮೀಸೆ ಬಿಟ್ಟು ನೋಡಿದರು, ಬೆಳ್ಳಗೆ ಬಂತು, ಬೋಳಿಸಿದರು. "ಬಣ್ಣ ಹಚ್ಕೊಳ್ಳಿ ಭಾವ" ಎಂದರೆ, "ಅವಳಿಗೆ ಮೋಸ ಮಾಡಿದ ಹಾಗಾಗತ್ತಮ್ಮ" ಎಂದು ನನ್ನ ಬಾಯಿ ಮುಚ್ಚಿಸಿದರು. ಮಲಗುವ ಕೋಣೆ ಅವಳಿಗೆ ಬಿಟ್ಟುಕೊಟ್ಟು ತಾವು ನಡುಮನೆಯ ಬೆಂಚಿನ ಮೇಲೆ ಮಲಗುತ್ತಿದ್ದರು. ಅವಳ ಪಾಲಿಗೆ ಅವರು ರಿಪೇರಿಗೆ ಬಂದು ಉಳಿದುಕೊಂಡ ಯಾರೋ ಮೇಸ್ತ್ರಿ.

ಒಂದು ಸಂಜೆ ಟಿ.ವಿ.ಯಲ್ಲಿ ಆ ಧಾರಾವಾಹಿ ಬರುತ್ತಿತ್ತು. ಅಕ್ಕ ದಡಕ್ಕನೆ ಎದ್ದು ನಿಂತಳು. "ಇದು ನಮ್ಮ ಅಡುಗೆಮನೆ ಕಣೇ! ಯಾವಳೋ ಅದರಲ್ಲಿ ಓಡಾಡ್ತಿದಾಳೆ! ನನ್ನ ಅಲ್ಲಿಗೆ ಕರ್ಕೊಂಡು ಹೋಗು."

ಭಾವನ ಕಣ್ಣಿಗೆ ಎಂಟು ತಿಂಗಳಲ್ಲಿ ಮೊದಲ ಸಲ ಜೀವ ಬಂತು. "ಅಲ್ಲಿ ನಿಂತ್ರೆ ನನ್ನ ಗುರುತು ಹಿಡೀತಾಳೆ" ಎಂದರು. ಎಷ್ಟು ಸಲ ಹೇಳಿದರೋ. ಅಷ್ಟರಲ್ಲಿ ಧಾರಾವಾಹಿಯೂ ಮುಗಿಯಿತು. ಕೊನೆಯ ಕಂತಿನಲ್ಲಿ ನಾಯಕಿಗೆ ಎಲ್ಲ ನೆನಪಾಗಿ ಗಂಡನನ್ನು ಅಪ್ಪಿಕೊಂಡಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಸೆಟ್ ಬಿಚ್ಚಬೇಕು. ಅದಕ್ಕೆ ಮೊದಲು ಒಂದು ಗಂಟೆ ಭಾವನಿಗೆ ಕೊಟ್ಟರು ನಿರ್ದೇಶಕರು.

ಬೆಳಿಗ್ಗೆ ಹತ್ತಕ್ಕೆ ಅಕ್ಕನನ್ನು ಕರೆತಂದೆ. ಹಸಿರು ಬಾಗಿಲು ತಳ್ಳಿ ಒಳಗೆ ಹೋದಳು. ಮೂರೇ ಗೋಡೆ, ನಾಲ್ಕನೆಯ ಕಡೆ ಕ್ಯಾಮೆರಾ, ಕತ್ತಲು. ಅದು ಅವಳಿಗೆ ಕಾಣಿಸಲೇ ಇಲ್ಲ. ಗೂಡಿನ ಮೇಲೆ ಕೈಯಾಡಿಸಿದಳು. ಡ್ರಾಯರಿನ ಮುಂದೆ ನಿಂತಳು. ಮೇಲೆತ್ತಿದಳು. ಎಡ ಮೊಣಕಾಲು ಕೊಟ್ಟಳು. ಎಳೆದಳು. ಬಂತು! ಭಾವ ಒಂದು ಹೆಜ್ಜೆ ಮುಂದಿಟ್ಟು, "ಗೊತ್ತಾಯ್ತೇನೇ?" ಎಂದರು.

ಅಕ್ಕ ಅವರ ಕೈಯಲ್ಲಿದ್ದ ಸುತ್ತಿಗೆಯನ್ನು ನೋಡಿದಳು. "ಮೇಸ್ತ್ರಿ, ಇದನ್ನ ನೀವು ಮುಟ್ಟಬೇಡಿ. ನಮ್ಮೆಜಮಾನ್ರೇ ಮಾಡ್ತೀನಿ ಅಂದಿದಾರೆ. ಬೇರೆಯವರು ಮಾಡಿದ್ರೆ ಬೇಜಾರಾಗ್ತಾರೆ. ಸಂಜೆ ಬರ್ತಾರೆ, ನೀವಿನ್ನು ಹೊರಡಿ."

"ಆಯ್ತಮ್ಮ" ಎಂದು ಸುತ್ತಿಗೆ ಅಲ್ಲೇ ಇಟ್ಟು ಭಾವ ಬಾಗಿಲಿನಿಂದ ಆಚೆ ಹೋದರು. ಆಚೆ ಏನಿದೆ? ಪ್ಲೈವುಡ್ಡಿನ ಬೆನ್ನು, ಆನಿಕೆ ಕೊಟ್ಟ ಕೋಲು. ಅದಕ್ಕೇ ಒರಗಿ ನಿಂತಿದ್ದರು.

ಆಮೇಲಿನ ಬುದ್ಧಿ ನನ್ನದು. ಹಾಳಾದ ಬುದ್ಧಿ! ಬದುಕೆಲ್ಲ ಸ್ಟುಡಿಯೋದಲ್ಲಿ ಕಳೆದವಳಿಗೆ ಬಣ್ಣ ಹಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆ. ಮೇಕಪ್ಪಿನವನನ್ನು ಎಳೆದುತಂದೆ. ಭಾವ ಈ ಸಲ ಬೇಡವೆನ್ನಲಿಲ್ಲ. ಸುಮ್ಮನೆ ಮುಖ ಕೊಟ್ಟರು. ಕೂದಲು ಕಪ್ಪಾಯಿತು, ದಪ್ಪ ಮೀಸೆ ಅಂಟಿತು. ನಾನೇ ಇಸ್ತ್ರಿ ಹಾಕಿದ ಹೊಸ ಅಂಗಿ. ಫೋಟೋದಲ್ಲಿದ್ದವರೇ ಎದ್ದು ಬಂದಂತಿದ್ದರು ಎಂದು ನನಗನ್ನಿಸಿತು.

ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, "ಬಂದೆ ಕಣೇ" ಎಂದರು.

ಅಕ್ಕ ತಿರುಗಿ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕಿಲಕಿಲ ನಕ್ಕಳು. "ಅಯ್ಯೋ, ಇದೇನು ಮೇಸ್ತ್ರಿ, ಇಷ್ಟು ಬೇಗ ಮೀಸೆ ಬಂದುಬಿಡ್ತು! ಏನಾದ್ರೂ ಮರೆತು ಹೋಗಿದ್ರಾ?"

ಕತ್ತಲಲ್ಲಿದ್ದ ಲೈಟಿನವನೊಬ್ಬ ಅಭ್ಯಾಸಬಲದಿಂದ ನಕ್ಕುಬಿಟ್ಟ. ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಬಾರಿಸಬೇಕಾದ್ದು ನನ್ನ ಕಪಾಳಕ್ಕೆ.

"ಹೌದಮ್ಮ, ಸುತ್ತಿಗೆ ಮರೆತಿದ್ದೆ" ಎಂದರು ಭಾವ.

ಅವಳೇ ಎತ್ತಿ ಕೊಟ್ಟಳು. "ಅವರು ಬಂದ ಮೇಲೆ ನೀವು ಬಂದಿದ್ರಿ ಅಂತ ಹೇಳ್ತೀನಿ" ಎಂದಳು.

ಅವತ್ತೇ ಮಧ್ಯಾಹ್ನ ಭಾವ ತಮ್ಮ ಕೈಯಾರೆ ಆ ಅಡುಗೆಮನೆ ಬಿಚ್ಚಿದರು. ಡ್ರಾಯರನ್ನು ಮಾತ್ರ ಚೌಕಟ್ಟಿನ ಸಮೇತ ತಂದು ಫ್ಲ್ಯಾಟಿನಲ್ಲಿ ಕೂಡಿಸಿದರು. ಅಕ್ಕ ಈಗ ದಿನಾ ಮೊಣಕಾಲು ಕೊಟ್ಟು ಎಳೆಯುತ್ತಾಳೆ, ಯಾರಿಗೋ ಬೈಯುತ್ತಾಳೆ, ಸಂಜೆಯಾದರೆ ಬಾಗಿಲಲ್ಲಿ ನಿಲ್ಲುತ್ತಾಳೆ. ಭಾವ ಆಗ ಅವಳ ಹಿಂದೆಯೇ, ಬೆಂಚಿನ ಮೇಲೆ ಕುಳಿತಿರುತ್ತಾರೆ.

ಮೊನ್ನೆ ತಡೆಯಲಾರದೆ ಕೇಳಿದೆ, "ಭಾವ, ಎರಡು ಸಲ ಕೀಸಿದ್ರೆ ಸರಿಹೋಗತ್ತಲ್ಲ, ಪಾಪ ಅವಳ ಮೊಣಕಾಲು ಕೆಂಪಾಗಿದೆ."

"ಬೇಡಮ್ಮ" ಎಂದರು. "ಅವಳ ಗಂಡ ಬಂದು ಮಾಡ್ತಾನಂತೆ."