ಹೊಸ್ತಿಲ ಮುಂದಿನ ಗೋಣಿತಟ್ಟು

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಒಬ್ಬರು ಪ್ರೀತಿಯಿಂದ ಕೊಟ್ಟ ಉಡುಗೊರೆಗೆ ನಾನು ಕಾಲು ಒರೆಸಿದ್ದೇನೆ. ತಿಳಿಯದೆ ಒಮ್ಮೆ ತಾಕಿದ್ದಲ್ಲ. ಒಂಬತ್ತು ದಿನ, ಮನೆಮಂದಿಯೆಲ್ಲ ಸೇರಿ, ಬಂದಾಗಲೆಲ್ಲ ಚೆನ್ನಾಗಿ ಉಜ್ಜಿ ಉಜ್ಜಿ ಒರೆಸಿದ್ದೇವೆ. ಹನ್ನೊಂದು ವರ್ಷ ಇದನ್ನು ಹೊರಗಿನ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳಲು ಅಡ್ಡಿಯಿಲ್ಲ. ನೀವು ನಮ್ಮವರು, ಗೋಣಿತಟ್ಟು ಎಂದರೇನು, ಮನೆಯಲ್ಲಿ ಅದರ ಜಾಗ ಯಾವುದು ಎನ್ನುವುದು ನಿಮಗೆ ಗೊತ್ತು.

ನನ್ನ ತವರು ಗದಗ. ಅಪ್ಪನದು ಶೇಂಗಾದ ಅಡತಿ ಅಂಗಡಿ. ಹಾಗಾಗಿ ನಾನು ಬೆಳೆದದ್ದೇ ಗೋಣಿಚೀಲಗಳ ನಡುವೆ. ಹೊಸ ಚೀಲದಲ್ಲಿ ಶೇಂಗಾ, ಹಳೆಯದರಲ್ಲಿ ಉಳ್ಳಾಗಡ್ಡಿ; ಹರಿದದ್ದಕ್ಕೆ ದಬ್ಬಣ, ಸುತಳಿ ಹಿಡಿದು ನಾಲ್ಕು ಹೊಲಿಗೆ ಹಾಕಿದರೆ ಇನ್ನೊಂದು ಸುಗ್ಗಿ ದಾಟುತ್ತಿತ್ತು. ಹೊಲಿಯಲೂ ಆಗದಷ್ಟು ಜೀರ್ಣವಾದಾಗ ಅದನ್ನು ಮಡಚಿ ಬಚ್ಚಲ ಬಾಗಿಲಿಗೆ ಹಾಕುತ್ತಿದ್ದರು. ಗೋಣಿ ಸಾಮಾನ್ಯ ಮನೆತನದ್ದಲ್ಲ ಬಿಡಿ. ಆ ಹೆಸರು ಸಂಸ್ಕೃತದಲ್ಲೂ ಇದೆ. ಇಂಗ್ಲಿಷರು ನಮ್ಮ ಸಾಮಾನಿನ ಜೊತೆ ಚೀಲದ ಹೆಸರನ್ನೂ ಹೊತ್ತುಕೊಂಡು ಹೋಗಿ ಗನ್ನಿ ಎಂದು ಕರೆದರು. ಇಷ್ಟು ದೊಡ್ಡ ವಂಶಾವಳಿ ಇದ್ದೂ, ಅದನ್ನು ಶೃಂಗಾರಕ್ಕೆಂದು ಬಾಗಿಲಿಗೆ ಕಟ್ಟಿದವರನ್ನು ನಮ್ಮೂರಿನಲ್ಲಿ ನಾನು ಕಂಡಿರಲಿಲ್ಲ.

ಕಂಡದ್ದು ಇಲ್ಲಿ, ಜರ್ಮನಿಯಲ್ಲಿ, ಸ್ಟುಟ್‌ಗಾರ್ಟಿನ ಫೊಯರ್‌ಬಾಕ್‌ನಲ್ಲಿ. ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು, ಐದು ವರ್ಷದ ಮಗಳು ಇಂಚರಳನ್ನು ಕಟ್ಟಿಕೊಂಡು ನಾವು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಗೆ ಬಂದಿಳಿದೆವು. ಎದುರು ಬಾಗಿಲು ಫ್ರಾವ್, ಎಂದರೆ ಶ್ರೀಮತಿ, ಹೇಬರ್ಲೆ ಅವರದು. ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು, ಒಬ್ಬರೇ ಇದ್ದರು. ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಅವರ ಬಾಗಿಲಿಗೆ ಒಣಗಿದ ಗೋಧಿ ತೆನೆ ಬಂತು, ಕೆಳಗೆ ಎರಡು ಪುಟ್ಟ ಕುಂಬಳಕಾಯಿ ಬಂದವು, ಎಲ್ಲದಕ್ಕೂ ಕಳಶವಿಟ್ಟಂತೆ ಗೋಣಿಬಟ್ಟೆಯದೊಂದು ದೊಡ್ಡ ಗಂಟು. ರಿಬ್ಬನ್ನಿಗೂ ಗತಿಯಿಲ್ಲವೇನೋ ಪಾಪ ಎಂದು ನಾನು ಮರುಗಿದೆ. ಶರತ್ಕಾಲಕ್ಕೆ ಮನೆ ಸಿಂಗರಿಸುವುದು ಈ ಊರಿನ ರೂಢಿ, ಅದಕ್ಕೆ ಈ ಒರಟು ಬಟ್ಟೆಯೇ ಮೇಲೆಂದು ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಮಾರುತ್ತಾರೆ ಎನ್ನುವುದು ಆಗ ಗೊತ್ತಿರಲಿಲ್ಲ.

ನವರಾತ್ರಿಯ ಮೊದಲ ದಿನ ನಮ್ಮ ಬಾಗಿಲ ಮುಂದೆಯೂ ಒಂದು ಗೋಣಿತಟ್ಟು ಕಂಡಿತು. ಉದ್ದಕ್ಕೆ ಮಡಚಿ, ಸುತಳಿ ಕಟ್ಟಿ, ಕೆಂಪು ಹಣ್ಣಿನ ಒಂದು ಕಡ್ಡಿ ಸಿಕ್ಕಿಸಿತ್ತು. ಎದುರು ಬಾಗಿಲಿನವರ ಕೊಡುಗೆಯೆಂದು ನೋಡಿದರೇ ತಿಳಿಯುತ್ತಿತ್ತು. ನನ್ನ ಗಂಡ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಛಲೋ ಆತ ನೋಡು, ಮಳ್ಯಾಗ ಕಾಲ ಒರಸಾಕ ಒಂದ ಬೇಕಾಗಿತ್ತು. ಈ ಮಂದಿಗೆ ಎಲ್ಲಾ ತಿಳಿತೈತಿ" ಎಂದರು. ನಾನು ಸುತಳಿ ಬಿಚ್ಚಿ ಅಲ್ಲೇ ಹಾಸಿದೆ. ದಿನಾ ಬೆಳಿಗ್ಗೆ ಅದರ ಮುಂದೆ ಸೀಮೆಸುಣ್ಣದಿಂದ ಪುಟ್ಟ ರಂಗೋಲಿ ಹಾಕುತ್ತಿದ್ದೆ. ನಾವು ಬೂಟು ಬಿಚ್ಚಿ, ರಂಗೋಲಿ ದಾಟಿ, ಗೋಣಿಯ ಮೇಲೆ ಕಾಲು ಉಜ್ಜಿ ಒಳಗೆ ಹೋಗುತ್ತಿದ್ದೆವು.

ಈ ಸೀಮೆಯಲ್ಲಿ ಮೆಟ್ಟಿಲು ಗುಡಿಸುವುದು ವಾರಕ್ಕೊಬ್ಬರ ಪಾಳಿ. ಕೇರ್‌ವೋಖೆ ಎನ್ನುತ್ತಾರೆ, ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಹಲಗೆ ತೂಗುತ್ತದೆ. ಆ ವಾರ ಹಲಗೆ ಫ್ರಾವ್ ಹೇಬರ್ಲೆ ಅವರ ಬಾಗಿಲಲ್ಲಿತ್ತು. ಅವರು ನಮ್ಮ ಗೋಣಿಯನ್ನು ಎರಡೂ ಕೈಯಿಂದ ಎತ್ತಿ, ಮೆಲ್ಲಗೆ ಕೊಡವಿ, ನೆಲ ಒರೆಸಿ, ಅಂಗುಲವೂ ಆಚೀಚೆ ಆಗದಂತೆ ಮತ್ತೆ ಹಾಸಿದ್ದನ್ನು ನಾನು ಬಾಗಿಲ ಕಿಂಡಿಯಿಂದ ನೋಡಿದೆ. ಎಂಥ ಅಚ್ಚುಕಟ್ಟು ಜನ ಎಂದುಕೊಂಡೆ.

ಒಂಬತ್ತನೆಯ ದಿನ ಇಂಚರ ಕಿಂಡರ್‌ಗಾರ್ಟನ್ನಿನಿಂದ ಬಂದು ಬಾಗಿಲಲ್ಲೇ ನಿಂತಳು. "ಮಮ್ಮಾ, ದಾಸ್ ಇಸ್ಟ್ ಫ್ಯೂರ್ ಡೆನ್ ಟಿಶ್!" ಎಂದಳು. ಇದು ಟೇಬಲ್ ಮೇಲೆ ಹಾಸೋದು, ನಮ್ಮ ಟೀಚರೂ ಹಾಸಿದ್ದಾರೆ, ಮೇಲೆ ಎಲೆ ಇಟ್ಟಿದ್ದಾರೆ ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದನ್ನು ತೊಳೆದು, ಒಣಗಿಸಿ, ಕಪಾಟಿನ ತಳಕ್ಕೆ ಸೇರಿಸಿದೆ. ಕ್ಷಮೆ ಕೇಳೋಣವೆಂದರೆ ಹಾಲು, ಬ್ರೆಡ್ಡಿನಾಚೆ ನನಗೆ ಜರ್ಮನ್ ಬರುತ್ತಿರಲಿಲ್ಲ. ಮುಂದೆ ಜರ್ಮನ್ ಬಂತು, ಧೈರ್ಯ ಬರಲಿಲ್ಲ.

ಅವರಾದರೂ ಸಿಟ್ಟು ತೋರಿಸಿದ್ದರೆ ನಾನು ನಿರಾಳವಾಗುತ್ತಿದ್ದೆ. ತೋರಿಸಲಿಲ್ಲ. ಕಚೇರಿಗಳಿಂದ ಬರುವ ಗಡಸು ಪತ್ರಗಳನ್ನು ಎದುರಿಗೆ ಕೂರಿಸಿಕೊಂಡು ಓದಿ ಹೇಳಿದರು. ಗಂಡ ಕೆಲಸದ ಮೇಲೆ ಡ್ಯೂಸೆಲ್ಡಾರ್ಫಿಗೆ ಹೋದಾಗ ಇಂಚರಳಿಗೆ ಜ್ವರ ಏರಿತು. ಡಾಕ್ಟರ ಹತ್ತಿರ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತವರು ಅವರೇ. ಈ ದೇಶದಲ್ಲಿ ನನಗೆ ನೆಲೆ ಸಿಕ್ಕಿದ್ದರೆ ಅದು ಆ ಎದುರು ಬಾಗಿಲಿನಿಂದ. ಅವರು ಒಂದೊಂದು ಉಪಕಾರ ಮಾಡಿದಾಗಲೂ ನನಗೆ ಕಪಾಟಿನ ತಳ ನೆನಪಾಗುತ್ತಿತ್ತು.

ಈ ಬೇಸಿಗೆಯಲ್ಲಿ ಅವರ ಸೊಂಟದ ಆಪರೇಷನ್ ಆಯಿತು. ಮೂರು ಮಹಡಿ ಹತ್ತುವುದು ಇನ್ನು ಆಗದ ಮಾತು, ಅಕ್ಟೋಬರ್ ಕೊನೆಗೆ ಕಲೋನ್ ಊರಿನಲ್ಲಿ ತಂಗಿಯ ಪಕ್ಕದ ಮನೆಗೆ ಹೋಗುತ್ತೇನೆ ಎಂದರು. ಅವರು ಹೋಗುವ ಮೊದಲು ಹೇಳಲೇಬೇಕು, ಇಲ್ಲದಿದ್ದರೆ ಜನ್ಮವಿಡೀ ಹೇಳಲಾರೆ ಎಂದು ನನಗೆ ಖಾತ್ರಿಯಾಯಿತು. ಬರಿಗೈಯಲ್ಲಿ ಹೇಳುವುದು ಹೇಗೆ? ಗೋಣಿಯ ತಪ್ಪಿಗೆ ಗೋಣಿಯದೇ ಪ್ರಾಯಶ್ಚಿತ್ತ ಎಂದು ನಿಶ್ಚಯಿಸಿದೆ.

ಇಂಡಿಯನ್ ಅಂಗಡಿಯ ಬಾಸ್ಮತಿ ಅಕ್ಕಿ ಗೋಣಿಚೀಲದಲ್ಲೇ ಬರುತ್ತದೆ. ಒಂದು ಖಾಲಿಯಿತ್ತು, ಉದ್ದ ಸಾಲದು, ಇನ್ನೊಂದು ಬೇಕು. ರೊಟ್ಟಿ ತಿನ್ನುವ ನಮ್ಮ ಮನೆಯಲ್ಲಿ ಚೀಲ ಬರಿದಾಗಲೆಂದು ಹದಿನೈದು ದಿನ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಮೊಸರನ್ನ ನಡೆಯಿತು. ಕೊನೆಗೆ ಗಂಡ ತಡೆಯದೆ, "ಚೀಲ ಬೇಕಿದ್ರ ಅಕ್ಕಿ ಡಬ್ಬಿಗೆ ಸುರುವಿದ್ರ ಆತಿತ್ತಲ್ಲ? ನಮ್ಮನ್ಯಾಕ ಗೋಳಾಡಸ್ತಿ?" ಎಂದರು. ಎಂಜಿನಿಯರ್ ಎಂದರೆ ಎಂಜಿನಿಯರೇ. ನನಗದು ಹೊಳೆದೇ ಇರಲಿಲ್ಲ.

ಚೀಲಗಳ ಒಳಗಿನ ಪ್ಲಾಸ್ಟಿಕ್ ಕಿತ್ತು, ತೊಳೆದು, ಚಿತ್ರವಿಲ್ಲದ ಬೆನ್ನಿನ ಭಾಗ ಕತ್ತರಿಸಿ ಜೋಡಿಸಿದೆ. ಅದರ ಮೇಲೆ ಕಸೂತಿ ಹಾಕಲು ಕೂತೆ. ಧಾರವಾಡದ ಕಡೆಯ ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆಯುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಸೀರೆಯ ಎಳೆ ನನ್ನ ಚಾಳೀಸಿಗೆ ಈಗ ಕಾಣುವುದಿಲ್ಲ. ಗೋಣಿಯ ಎಳೆಯೋ, ಕನ್ನಡಕ ತೆಗೆದರೂ ಕಾಣುತ್ತದೆ! ಗೋಪುರ, ನವಿಲು, ತುಳಸಿ ವೃಂದಾವನ ಹಾಕಿದೆ. ಗಂಟು ಹಾಕುವಂತಿಲ್ಲ, ಹೋದ ದಾರಿಯಲ್ಲೇ ಸೂಜಿ ಹಿಂದಿರುಗಿ ಬಿಟ್ಟ ಜಾಗ ತುಂಬಬೇಕು, ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಉಳಿದ ತುಂಡುಗಳನ್ನು ಗಾಜಿನ ಬಾಟಲಿಗಳಿಗೆ ಸುತ್ತಿ, ಸುತಳಿ ಬಿಗಿದು, ಒಳಗೆ ಮೇಣದಬತ್ತಿ ಇಟ್ಟು ನಮ್ಮ ಕಿಟಕಿಯಲ್ಲಿಟ್ಟೆ. ನಮ್ಮ ಮನೆ ಅಷ್ಟು ಚೆಂದ ಕಂಡದ್ದು ನನಗೆ ನೆನಪಿಲ್ಲ.

ವಿಜಯದಶಮಿಯ ದಿನ ನಮ್ಮ ಕಡೆ ಬನ್ನಿ ಎಲೆ ಕೊಟ್ಟು, ಹಳೆಯದೆಲ್ಲ ಮರೆತು ಬಂಗಾರದ ಹಾಗೆ ಇರೋಣ ಎನ್ನುತ್ತೇವೆ. ಇಲ್ಲಿ ಬನ್ನಿ ಎಲ್ಲಿಂದ ತರಲಿ? ಬೀದಿಯ ಮೇಪಲ್ ಮರ ಉದುರಿಸಿದ್ದು ನಿಜಕ್ಕೂ ಬಂಗಾರದ ಬಣ್ಣದ ಎಲೆ. ಅದೊಂದನ್ನು ಗೋಣಿಯೊಳಗಿಟ್ಟು ಎದುರು ಬಾಗಿಲು ತಟ್ಟಿದೆ.

ಫ್ರಾವ್ ಹೇಬರ್ಲೆ ಅದನ್ನು ಬಿಡಿಸಿದರು. ಹೊಲಿಗೆ ಟೀಚರಲ್ಲವೇ, ಮೊದಲು ಹಿಂಬದಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಬಿಚ್ಚಿ, ಊರುಗೋಲಿನ ಮೇಲೆ ಭಾರ ಹಾಕಿ, ಅದನ್ನು ತಮ್ಮ ಹೊಸ್ತಿಲ ಮುಂದೆ ಹಾಸಲು ಬಗ್ಗತೊಡಗಿದರು.

"ಅಯ್ಯೋ, ಬ್ಯಾಡ್ರೀ!" ಎಂದು ನಾನು ಕನ್ನಡದಲ್ಲೇ ಕೂಗಿಬಿಟ್ಟೆ.

"ಯಾಕೆ? ನೀವೂ ಹೀಗೇ ಮಾಡಿದ್ದಿರಿ" ಎಂದರು ಅವರು. "ನಾನು ಕೊಟ್ಟಿದ್ದರ ಮುಂದೆ ದಿನಾ ಬಿಳಿಯ ಹೂ ಬರೆಯುತ್ತಿದ್ದಿರಿ. ಬೂಟು ಬಿಚ್ಚದೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ನನ್ನ ಒಂದು ತುಂಡು ಬಟ್ಟೆಗೆ ಅಂಥ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ."

ಅಲ್ಲಿಗೆ ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಮರ್ಯಾದೆ ತಾನಾಗಿ ಮನೆಬಾಗಿಲಿಗೆ ಬಂದಿತ್ತು. ಆದರೆ ಹಿಂದು ಮುಂದು ಒಂದೇ ಇರಬೇಕಾದ ಹೊಲಿಗೆ ಅವರ ಕೈಯಲ್ಲೇ ಇತ್ತು. ಎಲ್ಲ ಹೇಳಿದೆ. ಬಚ್ಚಲ ಬಾಗಿಲಿನಿಂದ ಕಪಾಟಿನ ತಳದವರೆಗೆ ಏನೂ ಬಿಡಲಿಲ್ಲ. ಹೇಳುತ್ತ ಅತ್ತೇಬಿಟ್ಟೆ.

"ಒಂಬತ್ತು ದಿನ?" ಎಂದರು.

"ಒಂಬತ್ತು ದಿನ."

ಅವರು ಕುರ್ಚಿಯಲ್ಲಿ ಕುಸಿದು ಕೂತರು. ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಹತ್ತಿರ ಹೋದರೆ, ಸೊಂಟ ಹಿಡಿದುಕೊಂಡು ನಗುತ್ತಿದ್ದಾರೆ. "ನಾನು ಅದನ್ನು ತುಳಿಯಬಾರದೆಂದು ಗೋಡೆಗೆ ಆತು ನಡೆಯುತ್ತಿದ್ದೆನಲ್ಲ!" ಎಂದರು. ಕಣ್ಣೊರೆಸಿಕೊಂಡು, "ಅದು ಇನ್ನೂ ಇದೆಯೇ?" ಎಂದು ಕೇಳಿದರು.

ತಂದುಕೊಟ್ಟೆ. ತುಳಿದು, ತೊಳೆದು ಅದು ಹಳೆಯ ಸೀರೆಯ ಹಾಗೆ ಮೆತ್ತಗಾಗಿತ್ತು. ಅವರು ಅದನ್ನು ಕೆನ್ನೆಗೆ ಒತ್ತಿಕೊಂಡರು. ಗೋಣಿ ಇಷ್ಟು ಮೃದುವಾದದ್ದನ್ನು ತಾವು ಕಂಡೇ ಇಲ್ಲ ಎಂದರು. ಕಸೂತಿ ಟೇಬಲ್ ಮೇಲೆ ಹೋಯಿತು, ಅದರ ನಡುವೆ ಬಂಗಾರದ ಎಲೆ. ಹಳೆಯದನ್ನು ಮಡಚಿ ತಮ್ಮ ಸೂಟ್‌ಕೇಸಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡರು.

"ಇದು ಕಲೋನಿನ ಮನೆಯ ಬಾಗಿಲಿಗೆ" ಎಂದರು. "ನೀವು ಬಂದಾಗ ಬೂಟು ಬಿಚ್ಚಿ, ಚೆನ್ನಾಗಿ ಕಾಲು ಒರೆಸಿಕೊಂಡು ಒಳಗೆ ಬರಬೇಕು."