ಗೆರೆ ಎಳೆಯುವ ಆಟದಲ್ಲಿ ಗೆದ್ದ ಭಾನುವಾರ

ನಾವು ಐದು ಜನ, ಮಣಿಪಾಲದ ಒಂದೇ ಆಫೀಸಿನಲ್ಲಿ ಅಕ್ಕಪಕ್ಕದ ಮೇಜಿನವರು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ನಮ್ಮಲ್ಲೊಬ್ಬಳ ಬನ್ನಂಜೆಯ ಮನೆಯ ಮಹಡಿಯಲ್ಲಿ ಸೇರುವುದು ವಾಡಿಕೆ. ಊಟ, ಹರಟೆ, ಆಮೇಲೆ ಆಟ. ಆ ಸಲ ಆಡಿದ್ದು ಚಿತ್ರ ಬಿಡಿಸುವ ಆಟ. ಮನೆಯವಳು ಒಂದು ಶಬ್ದವನ್ನು ಚೀಟಿಗಳಲ್ಲಿ ಬರೆದು ಮಡಚಿ ಕೊಡುತ್ತಾಳೆ. ಮೂವರಿಗೆ ಆ ಶಬ್ದ ಸಿಗುತ್ತದೆ, ಒಬ್ಬರ ಚೀಟಿಯಲ್ಲಿ ಬರೀ ಅಡ್ಡಗೀಟು. ಅಡ್ಡಗೀಟು ಬಂದವರು ಕಳ್ಳ. ಒಂದೇ ಹಾಳೆಯ ಮೇಲೆ ಸರದಿಯಂತೆ ಒಬ್ಬೊಬ್ಬರು ಒಂದೊಂದೇ ಗೆರೆ, ಎರಡು ಸುತ್ತು. ಶಬ್ದ ಗೊತ್ತಿರುವವರು ಗೊತ್ತಿದೆ ಎಂದು ತೋರಿಸುವಷ್ಟು ಬಿಡಿಸಬೇಕು, ಆದರೆ ಕಳ್ಳನಿಗೆ ತಿಳಿಯುವಷ್ಟು ಬಿಡಿಸಬಾರದು. ಬಾಯಿಬಿಟ್ಟು ವಿವರಿಸುವಂತಿಲ್ಲ. ಕೊನೆಗೆ ಎಲ್ಲರೂ ಒಟ್ಟಿಗೆ ಬೆರಳು ತೋರಿಸಿ ಕಳ್ಳನನ್ನು ಹಿಡಿಯಬೇಕು.

ಆಟಕ್ಕೆ ಹೋಗುವ ಮೊದಲು ನಾನು ಆಫೀಸಿನಲ್ಲಿ ಹೇಳಿದ್ದ ಸುಳ್ಳಿನ ವಿಷಯ ಹೇಳಿಬಿಡುತ್ತೇನೆ. ನಮ್ಮದು ಕಾಪು. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವವರು, ಅಮ್ಮ ಮಾರ್ಕೆಟಿನಲ್ಲಿ ಮೀನು ಮಾರುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರ ಊಟದ ಹೊತ್ತಿಗೆ ಕಾರ್ಕಳದ ಸಹೋದ್ಯೋಗಿ, ಬಸ್ಸಿನಲ್ಲಿ ತನ್ನ ಪಕ್ಕ ಮೀನಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿನ ಕಥೆಯನ್ನು ಮೂಗು ಮುಚ್ಚಿಕೊಂಡು ಹೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗು ಮುಗಿಯುವ ಮೊದಲೇ ಯಾರೋ ನನ್ನನ್ನು ಕೇಳಿದರು, ಮನೆಯಲ್ಲಿ ಎಂತ ಕೆಲಸ ಎಂದು. ಅಪ್ಪನದ್ದು ಬಿಸಿನೆಸ್ ಎಂದೆ. ನಿಜ ಹೇಳಿದ್ದರೆ ಯಾರೂ ನನ್ನನ್ನು ತಿಂದುಹಾಕುತ್ತಿರಲಿಲ್ಲ. ಆದರೂ ಹೇಳಲಿಲ್ಲ, ಆಮೇಲೆ ಹೇಳುವುದಕ್ಕೆ ಮುಖವಿರಲಿಲ್ಲ.

ಎಂಟು ತಿಂಗಳಾದ ಮೇಲೆ ನನ್ನ ಗೆಳತಿ ಅದೇ ಆಫೀಸು ಸೇರಿದಳು. ನಮ್ಮದು ಎದುರುಬದುರು ಮನೆ. ಅವಳ ಅಮ್ಮನೂ ನನ್ನ ಅಮ್ಮನೂ ಮಾರ್ಕೆಟಿನಲ್ಲಿ ಪಕ್ಕಪಕ್ಕ ಕೂರುವವರು. ಅವಳು ಮೊದಲ ದಿನವೇ, "ನನ್ನ ಅಮ್ಮ ಮೀನು ಮಾರುವುದು, ಒಳ್ಳೆ ಬಂಗುಡೆ ಬೇಕಾದ್ರೆ ಹೇಳಿ" ಎಂದು ಎಲ್ಲರೆದುರು ಹೇಳಿ ಕೂತಳು. ನನಗೆ ಬೆವರು ಕಿತ್ತುಬಂತು. ಆದರೆ ಅವಳಿಗೆ ಸಂಜೆಯೊಳಗೆ ನನ್ನ ಸುಳ್ಳು ತಿಳಿಯಿತು, ತಿಳಿದೂ ಯಾರಿಗೂ ಹೇಳಲಿಲ್ಲ, ನನ್ನನ್ನು ಕೂಡ ಒಂದು ಮಾತು ಕೇಳಲಿಲ್ಲ. ನಮ್ಮ ಅಮ್ಮಂದಿರು ಎನ್ನಬೇಕಾದ ಕಡೆಯೆಲ್ಲ "ನನ್ನ ಅಮ್ಮ" ಎಂದಷ್ಟೇ ಹೇಳಿ ನಿಲ್ಲಿಸುತ್ತಿದ್ದಳು. ನನ್ನ ಮಾನ ಕಾಪಾಡಲು ಅವಳು ಪಡುತ್ತಿದ್ದ ಆ ಕಷ್ಟವನ್ನು ನಾನು ನೋಡಿಯೂ ನೋಡದವಳ ಹಾಗೆ ಇದ್ದೆ.

ಆ ಭಾನುವಾರ ನನ್ನ ಚೀಟಿ ಬಿಡಿಸಿದರೆ ಅಡ್ಡಗೀಟು. ಕಳ್ಳಿ ನಾನೇ. ಕಾರ್ಕಳದವನು ಮೊದಲು ಬಾಣಲೆಯಂಥ ಒಂದು ಬಾಗಿದ ಗೆರೆ ಎಳೆದ. ಅವನ ಪಕ್ಕ ಕೂತಿದ್ದ ನಮ್ಮ ಆಫೀಸಿನ ಹಿರಿಯಳು ಅದರ ನಡುವೆ ಒಂದು ನೆಟ್ಟನೆಯ ಗೆರೆ ಹಾಕಿದಳು. ದೀಪವೋ, ಕೊಡೆ ಮಗುಚಿದ್ದೋ, ನನಗೆ ತಲೆಬುಡ ತಿಳಿಯಲಿಲ್ಲ. ಮೂರನೆಯವಳು ನನ್ನ ಗೆಳತಿ. ಅವಳು ಬಾಗಿದ ಗೆರೆಯ ಹೊರಮೈಗೆ ಅಂಟಿಕೊಂಡ ಹಾಗೆ ಒಂದು ಸಣ್ಣ ಉರುಟು ಬರೆದಳು.

"ಇದೆಂತದು ಮಾರಾಯ್ತಿ?" ಎಂದು ಕಾರ್ಕಳದವನು ನಕ್ಕ. "ಇದಕ್ಕೆ ಗಾಲಿ ಉಂಟಾ?"

ನನಗೆ ಮಾತ್ರ ಅದೇನೆಂದು ಗೊತ್ತಾಯಿತು. ಅದು ಟಯರ್. ಬೋಟುಗಳನ್ನು ತಂದು ಕಟ್ಟುವ ಧಕ್ಕೆಯಲ್ಲಿ ಅವು ಒಂದಕ್ಕೊಂದು ಉಜ್ಜದಿರಲಿ ಎಂದು ಪಕ್ಕಕ್ಕೆ ಹಗ್ಗದಲ್ಲಿ ಕಟ್ಟಿ ಇಳಿಬಿಡುವ ಹಳೆಯ ಲಾರಿ ಟಯರ್. ಚಿಕ್ಕವಳಿದ್ದಾಗ ಅದರ ಮೇಲೆ ಕಾಲಿಟ್ಟೇ ನಾನು ಬೋಟು ಹತ್ತುತ್ತಿದ್ದದ್ದು, ಮೇಲಿನಿಂದ ಅಪ್ಪ ಕೈ ಹಿಡಿದು ಎಳೆದುಕೊಳ್ಳುತ್ತಿದ್ದರು. ಶಬ್ದ ಸಿಕ್ಕಿತು. ಪೆನ್ನು ನನ್ನ ಕೈಗೆ ಬಂತು. ಬಲೆಯ ರಾಶಿ ಬರೆಯಬಹುದಿತ್ತು, ಬೋಟಿನ ಮೇಲಿನ ಕೋಣೆ ಬರೆಯಬಹುದಿತ್ತು. ಬರೆದರೆ ಇವಳಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಕೇಳಿಯಾರೆಂಬ ಭಯ. ಮಕ್ಕಳ ಪುಸ್ತಕದಲ್ಲಿರುವಂಥ ಮೂರು ಮೂಲೆಯ ಹಾಯಿ ಬರೆದೆ. ಅಂಥ ಹಾಯಿ ಇರುವ ಬೋಟನ್ನು ನಾನು ಹುಟ್ಟಿದ ಮೇಲೆ ಮಲ್ಪೆಯಲ್ಲಿ ಒಂದನ್ನೂ ನೋಡಿಲ್ಲ. ಎಲ್ಲರೂ ತಲೆಯಾಡಿಸಿದರು.

ಎರಡನೆಯ ಸುತ್ತಿನಲ್ಲಿ ಗೆಳತಿ ಮೊದಲಿನದರ ಪಕ್ಕದಲ್ಲೇ ಇನ್ನೊಂದು ಉರುಟು ಬರೆದು ನನ್ನ ಮುಖ ನೋಡಿದಳು. ನನ್ನ ಚೀಟಿಯಲ್ಲೂ ಬೋಟು ಎಂದಿದೆ ಎಂದೇ ಅವಳ ಲೆಕ್ಕ. ಯಾರಿಗೆ ತಿಳಿಯದಿದ್ದರೂ ಇವಳಿಗೆ ತಿಳಿಯುತ್ತದೆ ಎಂಬ ಧೈರ್ಯ ಆ ನೋಟದಲ್ಲಿತ್ತು. ಬೆರಳು ತೋರಿಸುವ ಹೊತ್ತು ಬಂತು. ಮೂರು ಬೆರಳು ಅವಳ ಕಡೆಗೆ ಹೋದವು, ಅದರಲ್ಲಿ ಒಂದು ನನ್ನದು. ಅಷ್ಟಕ್ಕೆ ನನಗೆ ಬೇಸರವಿಲ್ಲ, ಅದು ಆಟ.

ಮನೆಯವಳು ಚೀಟಿಗಳನ್ನು ಬಿಡಿಸಿ ತೋರಿಸಿದಾಗ ಗಲಾಟೆಯೇ ಆಯಿತು. ಗೆಳತಿಯೂ ನಕ್ಕಳು. ಧಕ್ಕೆ, ಹಗ್ಗ, ಟಯರ್ ಎಲ್ಲ ಕೈಯಲ್ಲಿ ತೋರಿಸಿ ವಿವರಿಸಿದಳು. "ಹೌದಲ್ವಾ, ನಾನೂ ನೋಡಿದ್ದೇನೆ" ಎಂದಳು ಮನೆಯವಳು. ಆಗ ಕಾರ್ಕಳದವನು ನನ್ನ ಕಡೆ ತಿರುಗಿದ.

"ನೀನೂ ಕಾಪುವಿನವಳೇ ಅಲ್ವಾ? ಆ ಟಯರ್ ನೋಡಿ ನಿನಗೆ ಗೊತ್ತಾದದ್ದಾ?"

ಹೌದು ಎಂದು ಒಂದು ಶಬ್ದ ಹೇಳಿದ್ದರೆ ಸಾಕಿತ್ತು.

"ಇಲ್ಲಪ್ಪ, ಕೆಳಗಿನ ಗೆರೆ ನೋಡಿ ಅಂದಾಜು ಮಾಡಿದ್ದು" ಎಂದೆ. "ಟಯರ್ ಗಿಯರ್ ಎಲ್ಲ ನನಗೆ ಎಂತ ಗೊತ್ತು? ನಮ್ಮ ಮನೆ ಪೇಟೆ ಕಡೆ. ನಾನು ಬೋಟಿನ ಹತ್ತಿರ ಹೋದವಳೇ ಅಲ್ಲ."

ಗೆಳತಿ ಪೆನ್ನುಗಳಿಗೆ ಮುಚ್ಚಳ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ನನಗೆ ಮೈಯೆಲ್ಲ ನಾಚಿಕೆಯಾಯಿತು, ಆದರೂ ಮುಂದಿನ ಆಟಕ್ಕೆ ಚೀಟಿ ಹರಿಯಲು ಕೂತೆ.

ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಉದ್ಯಾವರ ದಾಟುವವರೆಗೆ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಸಿಟ್ಟು ಬಂತಾ ಎಂದು ತುಳುವಿನಲ್ಲಿ ಕೇಳಿದೆ. ನಾವಿಬ್ಬರೇ ಇರುವಾಗ ಹುಟ್ಟಿದಂದಿನಿಂದ ಬೇರೆ ಭಾಷೆ ಆಡಿದವರಲ್ಲ.

"ಸಿಟ್ಟು ಎಂತಕ್ಕೆ? ಆಟ ಅಲ್ವಾ" ಎಂದಳು, ಕನ್ನಡದಲ್ಲಿ.

ನಾಳೆ ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಎಂದೆ, ತುಳುವಿನಲ್ಲೇ.

"ಅದು ನಿಮ್ಮ ಇಷ್ಟ" ಎಂದಳು.

ಹೇಳಿದೆ ಕೂಡ. ಸೋಮವಾರ ಊಟದ ಹೊತ್ತಿಗೆ, ಅಪ್ಪನ ಬೋಟು, ಅಮ್ಮನ ಮಾರ್ಕೆಟು ಎಲ್ಲ. ಎಲ್ಲ ಕೇಳಿಸಿಕೊಂಡ ಕಾರ್ಕಳದವನು, "ಹೌದಾ? ಹಾಗಾದ್ರೆ ಇನ್ನು ನಿನ್ನ ಹತ್ತಿರವೂ ಮೀನಿಗೆ ಹೇಳಬಹುದು" ಎಂದು ಅನ್ನ ಕಲಸಿಕೊಂಡ. ಇಷ್ಟೇ ಸಣ್ಣ ವಿಷಯಕ್ಕೆ ನಾನು ಎಷ್ಟು ದೊಡ್ಡದನ್ನು ಕಳೆದುಕೊಂಡೆ ಎಂದು ಆಗ ತಿಳಿಯಿತು. ಗೆಳತಿ ಡಬ್ಬಿ ಮುಚ್ಚಿ, "ಒಳ್ಳೇದಾಯ್ತು" ಎಂದು ಕೈ ತೊಳೆಯಲು ಎದ್ದಳು.

ಈಗಲೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರುತ್ತೇವೆ. ನಾನು ತುಳುವಿನಲ್ಲಿ ಕೇಳುತ್ತೇನೆ. ಅವಳು ಕನ್ನಡದಲ್ಲಿ ಉತ್ತರ ಕೊಡುತ್ತಾಳೆ.